ಶೀತದೇಶಗಳಲ್ಲಿ ಗಾಲ್ಫ್ ಋತುವಿನ ಮುಕ್ತಾಯ

೧. ವಿಷಯಪ್ರವೇಶ

ನಮ್ಮ ನಾಡಿನ ಓದುಗರಿಗೆ ‘ಗಾಲ್ಫ್ ಋತುವಿನ ಮುಕ್ತಾಯ’ ಎಂಬ ಮಾತು ವಿಚಿತ್ರವಾಗಿ ತೋರಬಹುದು. ಬೆಂಗಳೂರಿನ ಗಾಲ್ಫ್ ಕ್ಲಬ್ಬು ಸ್ಥಾಪನೆಯಾದದ್ದು ೧೮೭೬ರಲ್ಲಿ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರುಗಳ ಎತ್ತರದಲ್ಲಿರುವ ಆ ನಗರದಲ್ಲಿ, ಬಿರುಮಳೆಯ ದಿನಗಳನ್ನು ಬಿಟ್ಟರೆ, ವರ್ಷದ ಹನ್ನೆರಡು ತಿಂಗಳೂ ಆಟ ನಡೆಯಬಹುದು. ಡಿಸೆಂಬರ್ ಮತ್ತು ಜನವರಿ ತಿಂಗಳುಗಳಂತೂ ಆಟಕ್ಕೆ ಅತ್ಯಂತ ಹಿತವಾದ ಕಾಲ. ಅದೇ ತಿಂಗಳುಗಳಲ್ಲಿ ಕೆನಡಾ ದೇಶದ ಮಾಂಟ್ರಿಯಲ್, ಅಮೆರಿಕಾ ಸಂಯುಕ್ತ ಸಂಸ್ಥಾನದ ಮಿನಿಯಾಪೊಲಿಸ್ ಮೊದಲಾದ ನಗರಗಳ ಗಾಲ್ಫ್ ಮೈದಾನಗಳು ಹಿಮದ ಅಡಿಯಲ್ಲಿ ಹುದುಗಿರುತ್ತವೆ. ಅಲ್ಲಿ ಜನವರಿಯ ಸರಾಸರಿ ಉಷ್ಣತೆಯು ಸೊನ್ನೆಗಿಂತ ಸುಮಾರು ೯ ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗಿರುತ್ತದೆ. ನವೆಂಬರಿನಲ್ಲಿ ನಿಂತ ಆಟವು ಮತ್ತೆ ಮೊದಲಾಗುವುದು ಸಾಮಾನ್ಯವಾಗಿ ಏಪ್ರಿಲಿನಲ್ಲಿ.

ಚಳಿಯಿಂದ ನಿಲ್ಲುವ ಆಟಗಳು ಬೇರೆಯೂ ಉಂಟು. ಆದರೆ ಟೆನಿಸ್ಸನ್ನು ಛಾವಣಿಯ ಕೆಳಗೆ ಆಡಬಹುದು. ಫುಟ್‌ಬಾಲನ್ನು ಕೃತಕವಾದ ನೆಲದ ಮೇಲೆ ಆಡಬಹುದು. ಹದಿನೆಂಟು ಕುಳಿಗಳ ಪೂರ್ಣ ಗಾಲ್ಫ್ ಮೈದಾನಕ್ಕೆ ಬೇಕಾದುದು ನೂರಕ್ಕೂ ಮಿಕ್ಕ ಎಕರೆಗಳ ಜೀವಂತವಾದ ಹುಲ್ಲುನೆಲ. ಅದಕ್ಕೆ ಛಾವಣಿ ಹಾಕುವುದು ಸಾಧ್ಯವಿಲ್ಲ. ಕುಳಿಯನ್ನು ಸುತ್ತುವರಿದಿರುವ, ‘ಗ್ರೀನ್’ ಎಂದು ಕರೆಯಲ್ಪಡುವ ನುಣುಪಾದ ಭಾಗದಲ್ಲಿ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರುಗಳಷ್ಟು ಗಿಡ್ಡವಾಗಿ ಕತ್ತರಿಸಿರುತ್ತಾರೆ. ಚೆಂಡಿನ ಗತಿಯೆಲ್ಲವೂ ಆ ಹುಲ್ಲಿನ ಆರೋಗ್ಯವನ್ನು ಅವಲಂಬಿಸಿರುತ್ತದೆ.

ಪ್ರಕೃತ ಲೇಖನದಲ್ಲಿ ಪ್ರತಿಪಾದಿಸಹೊರಟಿರುವ ಅಂಶ ಇಷ್ಟು: ಶೀತದೇಶಗಳಲ್ಲಿ ಗಾಲ್ಫ್ ಋತುವಿನ ಎಲ್ಲೆಯನ್ನು ನಿರ್ಧರಿಸುವುದು ಹುಲ್ಲು. ಆಟಗಾರನು ಚಳಿಯನ್ನು ಎಷ್ಟು ಸಹಿಸಬಲ್ಲನೆಂಬುದು ಎರಡನೆಯ ಮಾತು. ಈ ಸಂಗತಿಯನ್ನು ಒಪ್ಪಿಕೊಂಡು ಮಾಡಿದ ಏರ್ಪಾಡುಗಳು ಚಳಿಗಾಲವನ್ನು ಸಹ್ಯವಾಗಿಸುತ್ತವೆ; ಒಪ್ಪದೆ ಮಾಡಿದವು ಮುಂದಿನ ವಸಂತದ ಆಟವನ್ನು ಈಗಲೇ ಸಾಲ ತೆಗೆದಂತೆ ಆಗುತ್ತವೆ. ಇದನ್ನು ಮೊದಲು ಸಸ್ಯಶಾಸ್ತ್ರದ ದೃಷ್ಟಿಯಿಂದಲೂ ಬಳಿಕ ಚರಿತ್ರೆಯ ದೃಷ್ಟಿಯಿಂದಲೂ ಪರಿಶೀಲಿಸಿ, ಕೊನೆಗೆ ಆಟಗಾರರೂ ಕೆಲಸಗಾರರೂ ಆ ಐದು ತಿಂಗಳುಗಳನ್ನು ಹೇಗೆ ಕಳೆಯುತ್ತಾರೆಂಬುದನ್ನು ನೋಡೋಣ.

೨. ಹುಲ್ಲಿನ ನಿದ್ರೆ

ಗಾಲ್ಫ್ ಮೈದಾನದ ಹುಲ್ಲುಗಳಲ್ಲಿ ಎರಡು ಪಂಗಡಗಳಿವೆ. ಒಂದು ಬೆಚ್ಚನೆಯ ಹವೆಯವು, ಇನ್ನೊಂದು ತಂಪು ಹವೆಯವು. ಬೆಚ್ಚನೆಯ ಹವೆಯ ಹುಲ್ಲುಗಳಲ್ಲಿ ಮುಖ್ಯವಾದುದು ನಮಗೆಲ್ಲರಿಗೂ ಚಿರಪರಿಚಿತವಾದ ಗರಿಕೆ. ಗಣಪತಿಯ ಪೂಜೆಗೆ ನಾವು ಬಳಸುವ ಈ ಹುಲ್ಲನ್ನೇ ಅಮೆರಿಕದವರು ‘ಬರ್ಮುಡಾ ಹುಲ್ಲು’ ಎಂದು ಕರೆದು, ತಮ್ಮ ದಕ್ಷಿಣದ ರಾಜ್ಯಗಳ ಮೈದಾನಗಳಲ್ಲಿ ವಿಸ್ತಾರವಾಗಿ ಬೆಳೆಸಿದ್ದಾರೆ. ಇದು ಸೊಂಪಾಗಿ ಬೆಳೆಯುವುದು ೨೭ರಿಂದ ೩೫ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ. ಮಣ್ಣಿನ ಉಷ್ಣತೆ ಸುಮಾರು ೧೦ ಡಿಗ್ರಿಗೆ ಇಳಿದರೆ ಗರಿಕೆಯ ಎಲೆ ಕಂದುಬಣ್ಣಕ್ಕೆ ತಿರುಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಮಿನಿಯಾಪೊಲಿಸ್ಸಿನಂತಹ ಊರಿನ ಚಳಿಯನ್ನು ಅದರ ಸಾಮಾನ್ಯ ತಳಿಗಳು ತಾಳಲಾರವು.

ಆದುದರಿಂದ ಉತ್ತರದವರು ಅವಲಂಬಿಸಿರುವುದು ತಂಪು ಹವೆಯ ಹುಲ್ಲುಗಳನ್ನು. ಬೆಂಟ್ ಹುಲ್ಲು, ಕೆಂಟಕಿಯ ನೀಲಿಹುಲ್ಲು, ಪೋವಾ ಆನ್ಯುವಾ ಎಂಬ ವಾರ್ಷಿಕ ನೀಲಿಹುಲ್ಲು ಇವುಗಳಲ್ಲಿ ಪ್ರಮುಖವಾದವು. ಇವುಗಳ ಎಲೆಗಳು ಚೆನ್ನಾಗಿ ಬೆಳೆಯುವುದು ೧೫ರಿಂದ ೨೪ ಡಿಗ್ರಿಗಳಲ್ಲಿ. ಎರಡು ಪಂಗಡಗಳಿಗೂ ಇರುವ ಅಂತರ ಆಹಾರ ತಯಾರಿಕೆಯ ವಿಧಾನದಲ್ಲೇ ಇದೆ. ತಂಪು ಹವೆಯ ಹುಲ್ಲು ಇಂಗಾಲಾಮ್ಲವನ್ನು ಹೀರಿ ಮೊದಲು ಕಟ್ಟುವ ಸಂಯುಕ್ತದಲ್ಲಿ ಇಂಗಾಲದ ಮೂರು ಪರಮಾಣುಗಳಿರುತ್ತವೆ; ಗರಿಕೆಯು ಕಟ್ಟುವ ಸಂಯುಕ್ತದಲ್ಲಿ ನಾಲ್ಕು. ಎರಡನೆಯ ವಿಧಾನವು ಬಿಸಿಲಿಗೆ ಹೆಚ್ಚು ಅನುಕೂಲ, ಮೊದಲನೆಯದು ತಂಪಿಗೆ.

ಶರತ್ಕಾಲದಲ್ಲಿ ಹಗಲು ಕಿರಿದಾಗಿ ಹವೆ ತಂಪಾಗುತ್ತ ಬಂದಂತೆ, ತಂಪು ಹವೆಯ ಹುಲ್ಲು ಚಳಿಗೆ ಸಿದ್ಧವಾಗತೊಡಗುತ್ತದೆ. ಬೇರು ಮತ್ತು ಎಲೆಗಳು ಕೂಡುವ ಬುಡದ ಭಾಗವೇ ಸಸ್ಯದ ಜೀವಸ್ಥಾನ. ಅಲ್ಲಿಯ ಜೀವಕೋಶಗಳಲ್ಲಿ ನೀರಿನ ಅಂಶ ಇಳಿದು ಸಕ್ಕರೆಗಳು ಶೇಖರವಾಗುತ್ತವೆ. ಉಪ್ಪು ಬೆರೆತ ನೀರಿನಂತೆ ಸಕ್ಕರೆ ಬೆರೆತ ರಸವೂ ಬೇಗನೆ ಹೆಪ್ಪುಗಟ್ಟುವುದಿಲ್ಲ. ಹೀಗೆ ಹದಗೊಂಡ ಸಸ್ಯವು ಎಲೆಗಳನ್ನು ಕಳೆದುಕೊಂಡರೂ ಬುಡವನ್ನು ಉಳಿಸಿಕೊಂಡು ನಿದ್ರೆಗೆ ಸಲ್ಲುತ್ತದೆ. ಇದು ಕೆಲವು ವಾರಗಳ ಕೆಲಸ. ಆ ವಾರಗಳಲ್ಲಿ ಹುಲ್ಲನ್ನು ತುಳಿದು, ಅತಿಯಾಗಿ ಕತ್ತರಿಸಿ, ಗೊಬ್ಬರದ ಆಸೆ ತೋರಿಸಿ ಬೆಳೆಸಹೋದರೆ ಶೇಖರವಾಗಬೇಕಾದ ಸಕ್ಕರೆ ವ್ಯಯವಾಗುತ್ತದೆ.

ನಿದ್ರಿಸುತ್ತಿರುವ ಹುಲ್ಲಿಗೆ ಆಟದಿಂದ ಒದಗುವ ಅಪಾಯಗಳು ಎರಡು. ಮುಂಜಾನೆ ಎಲೆಯ ಮೇಲಿನ ಇಬ್ಬನಿಯೂ ಎಲೆಯೊಳಗಿನ ನೀರೂ ಹೆಪ್ಪುಗಟ್ಟಿರುವಾಗ ಅದರ ಮೇಲೆ ಕಾಲಿಟ್ಟರೆ ಹರಳುಗಳು ಜೀವಕೋಶಗಳ ಗೋಡೆಯನ್ನು ಒಡೆಯುತ್ತವೆ. ಆ ಕ್ಷಣದಲ್ಲಿ ಏನೂ ಕಾಣುವುದಿಲ್ಲ. ಬಿಸಿಲೇರಿದ ಮೇಲೆ ಹೆಜ್ಜೆಯ ಆಕಾರದಲ್ಲಿಯೇ ಹುಲ್ಲು ಕಪ್ಪಾಗಿ ಬಾಡುತ್ತದೆ. ಬೆಳೆಯುವ ಕಾಲದಲ್ಲಾದರೆ ಇಂತಹ ಗಾಯ ಬೇಗ ಮಾಯುತ್ತದೆ. ನವೆಂಬರಿನಲ್ಲಿ ಆದ ಗಾಯ ವಸಂತದವರೆಗೂ ಮಾಯದೆ ಉಳಿಯಬಹುದು. ಎರಡನೆಯ ಅಪಾಯ ಇನ್ನೂ ಗೂಢವಾದುದು. ನೆಲದ ಮೇಲ್ಪದರ ಒಂದೆರಡು ಅಂಗುಲ ಕರಗಿ, ಅದರ ಕೆಳಗಿನ ಮಣ್ಣು ಕಲ್ಲಿನಂತೆ ಹೆಪ್ಪುಗಟ್ಟಿಯೇ ಇರುವ ದಿನಗಳುಂಟು. ಆಗ ನಡೆದರೆ ಮೇಲಿನ ಪದರ ಜಾರುತ್ತದೆ, ಕೆಳಗೆ ಸಿಕ್ಕಿಕೊಂಡಿರುವ ಬೇರು ತುಂಡಾಗುತ್ತದೆ. ಹೊರಗೆ ಹಸುರಾಗಿ ಕಾಣುವ ಹುಲ್ಲಿಗೆ ಒಳಗೆ ಬೇರೇ ಇರುವುದಿಲ್ಲ. ಬಿಸಿಲು ಬಿದ್ದ ಒಂದು ಚಳಿಗಾಲದ ಮಧ್ಯಾಹ್ನ ಮೈದಾನವನ್ನು ಏಕೆ ತೆರೆಯುವುದಿಲ್ಲವೆಂಬ ಆಟಗಾರರ ಪ್ರಶ್ನೆಗೆ ಉತ್ತರ ಇಲ್ಲಿದೆ.

೩. ಋತುವಿನ ಚರಿತ್ರೆ

ಗಾಲ್ಫನ್ನು ಬೇಸಗೆಯ ಆಟವೆಂದು ತಿಳಿಯುವುದು ಇಂದಿನ ರೂಢಿ. ಆಟದ ತವರಾದ ಸ್ಕಾಟ್ಲೆಂಡಿನಲ್ಲಿ ಮೊದಲು ಹಾಗಿರಲಿಲ್ಲ. ಅಲ್ಲಿಯ ಹಳೆಯ ಮೈದಾನಗಳು ಕಡಲತೀರದ ಮರಳುನೆಲಗಳು. ನೀರು ಅಲ್ಲಿ ನಿಲ್ಲದೆ ಇಂಗಿಹೋಗುತ್ತದೆ. ಸಮುದ್ರದ ಸಾನ್ನಿಧ್ಯದಿಂದ ಚಳಿಯೂ ಸೌಮ್ಯವಾಗಿರುತ್ತದೆ. ಸೇಂಟ್ ಆಂಡ್ರೂಸ್ ೫೬ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು ಮಾಂಟ್ರಿಯಲ್ಲಿಗಿಂತ ಹತ್ತು ಡಿಗ್ರಿಗೂ ಹೆಚ್ಚು ಉತ್ತರಕ್ಕಿದೆ. ಆದರೂ ಅಲ್ಲಿಯ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಮೇಲೆಯೇ ಇರುತ್ತದೆ. ಇಂತಹ ಸ್ಥಳದಲ್ಲಿ ಆಟಕ್ಕೆ ಅಡ್ಡಿಯಾಗುತ್ತಿದ್ದುದು ಬೇಸಗೆಯೇ. ಏಕೆಂದರೆ ಆಗ ಹುಲ್ಲು ಎತ್ತರವಾಗಿ ಬೆಳೆದು ಚೆಂಡನ್ನು ನುಂಗಿಬಿಡುತ್ತಿತ್ತು. ಕುರಿಗಳೂ ಮೊಲಗಳೂ ಮೇಯ್ದು ಮಾಡಿದ ಕತ್ತರಿಯ ಕೆಲಸವೇ ಆಗ ಇದ್ದ ಸಂಸ್ಕಾರ. ಹೀಗಾಗಿ ಶರತ್ಕಾಲದಿಂದ ವಸಂತದವರೆಗೆ, ಹುಲ್ಲು ಗಿಡ್ಡವಾಗಿರುವ ತಿಂಗಳುಗಳಲ್ಲಿ, ಹೆಚ್ಚಾಗಿ ಆಡುತ್ತಿದ್ದರು.

ಇದನ್ನು ತಿರುವುಮುರುವು ಮಾಡಿದ್ದು ಒಂದು ಯಂತ್ರ. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದ ಎಡ್ವಿನ್ ಬಡ್ಡಿಂಗ್ ಎಂಬಾತನು ೧೮೩೦ರಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ನಿರ್ಮಿಸಿದನು. ಬಟ್ಟೆಯ ಗಿರಣಿಗಳಲ್ಲಿ ಬಟ್ಟೆಯ ಮೇಲಿನ ಜುಂಗನ್ನು ಸವರುವ ಯಂತ್ರದಿಂದ ಆತನಿಗೆ ಈ ಕಲ್ಪನೆ ಬಂದಿತು. ಯಂತ್ರಗಳು ಸುಧಾರಿಸಿ ಹರಡಿದಂತೆ ಬೇಸಗೆಯ ಹುಲ್ಲು ಮನುಷ್ಯನ ಅಂಕೆಗೆ ಬಂದಿತು. ಆಟವು ಬೇಸಗೆಗೂ ಒಳನಾಡಿಗೂ ವಿಸ್ತರಿಸಿತು. ಒಳನಾಡಿನ ಜೇಡಿಮಣ್ಣಿನಲ್ಲಿ ಚಳಿಗಾಲವೆಂದರೆ ಕೆಸರು. ಚಳಿಗಾಲದ ಆಟವಾಗಿದ್ದುದು ಕ್ರಮೇಣ ಬೇಸಗೆಯ ಆಟವಾದುದು ಹೀಗೆ.

ಆಟವು ಅಟ್ಲಾಂಟಿಕ್ ಸಾಗರವನ್ನು ದಾಟಿ ಭೂಖಂಡದ ಕಠಿನವಾದ ಹವೆಯನ್ನು ಎದುರಿಸಿದಾಗ ಈ ಭೇದ ಇನ್ನೂ ತೀಕ್ಷ್ಣವಾಯಿತು. ರಾಯಲ್ ಮಾಂಟ್ರಿಯಲ್ ಕ್ಲಬ್ಬು ಸ್ಥಾಪನೆಯಾದದ್ದು ೧೮೭೩ರಲ್ಲಿ. ನ್ಯೂಯಾರ್ಕಿನ ಬಳಿಯ ಯಾಂಕರ್ಸ್ ಎಂಬಲ್ಲಿ ಜಾನ್ ರೀಡ್ ಎಂಬ ಸ್ಕಾಟ್ಲೆಂಡಿನವನು ತನ್ನ ಗೆಳೆಯರೊಡನೆ ೧೮೮೮ರ ಫೆಬ್ರವರಿ ೨೨ರಂದು, ಅಕಾಲದಲ್ಲಿ ಬೆಚ್ಚಗಿದ್ದ ಒಂದು ದಿನ, ದನ ಮೇಯುವ ಬಯಲಿನಲ್ಲಿ ಮೂರು ಕುಳಿಗಳನ್ನು ತೋಡಿ ಆಡಿದನು. ತವರಿನ ರೂಢಿಯಂತೆ ಫೆಬ್ರವರಿಯಲ್ಲಿ ಆಡಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಮೂರು ವಾರ ಕಳೆಯುವಷ್ಟರಲ್ಲಿ, ಮಾರ್ಚಿ ೧೨ರ ಸುಮಾರಿಗೆ, ಅಮೆರಿಕದ ಪೂರ್ವತೀರದ ಚರಿತ್ರೆಯಲ್ಲಿ ಪ್ರಸಿದ್ಧವಾದ ಹಿಮದ ಬಿರುಗಾಳಿ ಬೀಸಿತು. ಆಟ ನಿಂತುಹೋಗಿ ವಸಂತದಲ್ಲಿ ಮತ್ತೆ ಮೊದಲಾಯಿತು. ಅದೇ ವರ್ಷ ನವೆಂಬರ್ ೧೪ರಂದು ಅವರು ಸ್ಥಾಪಿಸಿದ ಕ್ಲಬ್ಬಿಗೆ ಸೇಂಟ್ ಆಂಡ್ರೂಸಿನ ಹೆಸರನ್ನೇ ಇಟ್ಟರು. ಹೆಸರನ್ನು ತರುವುದು ಸಾಧ್ಯವಾಯಿತು. ಹವೆಯನ್ನು ತರುವುದು ಸಾಧ್ಯವಾಗಲಿಲ್ಲ.

೪. ಮೈದಾನವನ್ನು ಮುಚ್ಚುವ ಕ್ರಮ

ಋತು ಮುಗಿಯಿತೆಂದು ಆಟಗಾರನು ಕೋಲುಗಳ ಚೀಲವನ್ನು ಮೂಲೆಗಿಡುವ ಕಾಲವೇ ಮೈದಾನದ ಮೇಲ್ವಿಚಾರಕನಿಗೆ ಅತ್ಯಂತ ಹೊಣೆಯ ಕಾಲ. ಮೊದಲನೆಯದಾಗಿ, ನೆಲದಡಿಯ ನೀರಿನ ಕೊಳವೆಗಳೊಳಗೆ ಒತ್ತಡದ ಗಾಳಿಯನ್ನು ನುಗ್ಗಿಸಿ ನೀರನ್ನೆಲ್ಲ ಹೊರಹಾಕುತ್ತಾರೆ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಶೇಕಡಾ ೯ರಷ್ಟು ಹಿಗ್ಗುವುದರಿಂದ, ಉಳಿದ ನೀರು ಕೊಳವೆಗಳನ್ನೂ ಅವುಗಳ ಸಂದುಗಳನ್ನೂ ಒಡೆಯುತ್ತದೆ.

ಎರಡನೆಯದು ಹಿಮಬೂಷ್ಟಿನ ವಿರುದ್ಧ ಔಷಧ ಸಿಂಪಡಿಸುವುದು. ಹಿಮದ ಹೊದಿಕೆಯ ಕೆಳಗೆ ನೆಲ ಪೂರ್ಣವಾಗಿ ಹೆಪ್ಪುಗಟ್ಟದೆ, ಕತ್ತಲೂ ತೇವವೂ ಕೂಡಿರುವಾಗ ಕೆಲವು ಶಿಲೀಂಧ್ರಗಳು ಹುಲ್ಲನ್ನು ತಿನ್ನುತ್ತವೆ. ಟೈಫ್ಯುಲಾ ಜಾತಿಯವು ತರುವ ಬೂದುಬಣ್ಣದ ಬೂಷ್ಟಿಗೆ ದೀರ್ಘಕಾಲದ ಹಿಮದ ಹೊದಿಕೆ ಬೇಕು; ಮೈಕ್ರೋಡೋಕಿಯಂ ತರುವ ಗುಲಾಬಿಬಣ್ಣದ ಬೂಷ್ಟಿಗೆ ಹಿಮವೇ ಬೇಕೆಂದಿಲ್ಲ, ತಂಪೂ ತೇವವೂ ಸಾಕು. ಹಿಮ ಬಿದ್ದ ಮೇಲೆ ಔಷಧ ಹಾಕುವಂತಿಲ್ಲ. ಬಹಳ ಮುಂಚೆ ಹಾಕಿದರೆ ಮಳೆಯಲ್ಲಿ ತೊಳೆದುಹೋಗುತ್ತದೆ. ಮೊದಲ ಸ್ಥಿರವಾದ ಹಿಮಪಾತಕ್ಕೆ ಸ್ವಲ್ಪ ಮುಂಚೆ ಹಾಕಬೇಕು. ಅದನ್ನು ಗುರುತಿಸುವುದರಲ್ಲಿಯೇ ಅನುಭವದ ಬೆಲೆ ತಿಳಿಯುತ್ತದೆ.

ಮೂರನೆಯದಾಗಿ, ಗ್ರೀನುಗಳ ಮೇಲೆ ಮರಳನ್ನು ದಪ್ಪವಾಗಿ ಹರಡುತ್ತಾರೆ, ಇಲ್ಲವೆ ಬಟ್ಟೆಯಂತಹ ಹೊದಿಕೆಗಳನ್ನು ಹಾಸುತ್ತಾರೆ. ಹಿಮದ ವಿಷಯದಲ್ಲಿ ನಾವು ಒಂದು ತಪ್ಪುತಿಳಿವಳಿಕೆಯನ್ನು ಬಿಡಬೇಕು. ಹಿಮವು ಹುಲ್ಲಿನ ಶತ್ರುವಲ್ಲ. ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯು ಕಂಬಳಿಯಂತೆ ಕೆಲಸಮಾಡಿ ಹುಲ್ಲಿನ ಬುಡವನ್ನು ಕಾಪಾಡುತ್ತದೆ. ಹಿಮವಿಲ್ಲದ ಬೋಳು ದಿಬ್ಬಗಳ ಮೇಲೆ ಒಣಗಾಳಿ ಬೀಸಿ, ಹೆಪ್ಪುಗಟ್ಟಿದ ನೆಲದಿಂದ ನೀರನ್ನು ಎಳೆದುಕೊಳ್ಳಲಾರದ ಹುಲ್ಲು ಒಣಗಿ ಸಾಯುತ್ತದೆ. ಹೊದಿಕೆಯ ಉದ್ದೇಶ ಇದನ್ನು ತಡೆಯುವುದು.

ನಿಜವಾದ ಭಯವಿರುವುದು ಮಂಜುಗಡ್ಡೆಯಿಂದ. ಹಿಮವು ಕರಗಿ ಮತ್ತೆ ಹೆಪ್ಪುಗಟ್ಟಿದಾಗ, ಅಥವಾ ಹಿಮದ ಮೇಲೆ ಮಳೆ ಬಿದ್ದಾಗ, ಗ್ರೀನಿನ ಮೇಲೆ ಗಾಜಿನಂತಹ ಪದರ ಕಟ್ಟುತ್ತದೆ. ಅದರ ಕೆಳಗೆ ಗಾಳಿಯಾಡುವುದಿಲ್ಲ. ನಿದ್ರಿಸುತ್ತಿರುವ ಸಸ್ಯವೂ ಮಣ್ಣಿನ ಸೂಕ್ಷ್ಮಜೀವಿಗಳೂ ಸ್ವಲ್ಪ ಸ್ವಲ್ಪವಾಗಿ ಉಸಿರಾಡುತ್ತಲೇ ಇರುವುದರಿಂದ ಆಮ್ಲಜನಕ ಮುಗಿದು, ಹಾನಿಕರವಾದ ಅನಿಲಗಳು ತುಂಬಿಕೊಳ್ಳುತ್ತವೆ. ಮಿಷಿಗನ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ಬಿ. ಬಿಯರ್ಡ್ ಅವರು ೧೯೬೦ರ ದಶಕದಲ್ಲಿ ನಡೆಸಿದ ಪ್ರಯೋಗಗಳಿಂದ ಹುಲ್ಲಿನ ಜಾತಿಗಳಿಗೆ ಈ ವಿಷಯದಲ್ಲಿ ಬಹಳ ವ್ಯತ್ಯಾಸವುಂಟೆಂದು ತಿಳಿದುಬಂದಿತು. ಪೋವಾ ಆನ್ಯುವಾ ಮಂಜುಗಡ್ಡೆಯ ಕೆಳಗೆ ಸುಮಾರು ಎರಡು ತಿಂಗಳು ಕಳೆದರೆ ಅಪಾಯಕ್ಕೊಳಗಾಗುತ್ತದೆ. ಬೆಂಟ್ ಹುಲ್ಲು ನಾಲ್ಕು ತಿಂಗಳಾದರೂ ತಾಳಬಲ್ಲುದು. ಆದುದರಿಂದ ಮೇಲ್ವಿಚಾರಕರು ಮಂಜುಗಡ್ಡೆ ಕಟ್ಟಿದ ದಿನದಿಂದ ದಿನಗಳನ್ನೆಣಿಸುತ್ತಿದ್ದು, ಗಡುವು ಸಮೀಪಿಸಿದಾಗ ಗಡ್ಡೆಯನ್ನು ಎಚ್ಚರದಿಂದ ಒಡೆದು ತೆಗೆಯುತ್ತಾರೆ.

ಚಳಿಗಾಲದ ಕೊನೆಯಲ್ಲಿ ಮತ್ತೊಂದು ಗಂಡಾಂತರವಿದೆ. ಒಂದೆರಡು ಬೆಚ್ಚನೆಯ ದಿನಗಳಲ್ಲಿ ಹುಲ್ಲು ಮೋಸಹೋಗಿ ನಿದ್ರೆಯಿಂದೆದ್ದು ಬುಡದಲ್ಲಿ ನೀರು ತುಂಬಿಕೊಳ್ಳುತ್ತದೆ. ಆ ಬಳಿಕ ಹಠಾತ್ತಾಗಿ ಕಡುಚಳಿ ಬಂದರೆ ಆ ನೀರೇ ಹರಳುಗಟ್ಟಿ ಬುಡವನ್ನು ಸೀಳುತ್ತದೆ. ಭೂಮಿಯ ಹವೆ ಕಾಯುತ್ತಿರುವ ಈ ಕಾಲದಲ್ಲಿ ಚಳಿಗಾಲ ಸೌಮ್ಯವಾದರೆ ಗಾಲ್ಫಿಗೆ ಲಾಭವೇ ಎಂದು ಮೇಲುನೋಟಕ್ಕೆ ತೋರುತ್ತದೆ. ಆಟದ ದಿನಗಳು ಕೆಲವು ಹೆಚ್ಚಬಹುದು, ನಿಜ. ಆದರೆ ಸ್ಥಿರವಾದ ಹಿಮದ ಕಂಬಳಿ ತಪ್ಪಿ, ಕರಗುವುದೂ ಹೆಪ್ಪುಗಟ್ಟುವುದೂ ಪದೇಪದೇ ನಡೆದಲ್ಲಿ ಹುಲ್ಲಿಗೆ ಕೇಡು ಹೆಚ್ಚು.

೫. ಆಟಗಾರನ ಮುಂದಿರುವ ದಾರಿಗಳು

ಆಟಗಾರರು ಕಂಡುಕೊಂಡ ಉಪಾಯಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು: ನಿಯಮವನ್ನು ಸಡಿಲಿಸುವುದು, ದಕ್ಷಿಣಕ್ಕೆ ಹೋಗುವುದು, ಒಳಾಂಗಣಕ್ಕೆ ಸೇರುವುದು, ಹಿಮದ ಮೇಲೆಯೇ ಆಡುವುದು.

ನಿಯಮಗಳನ್ನು ಸಡಿಲಿಸುವ ಉಪಾಯ ಬ್ರಿಟನ್ನಿನಂತಹ ಮಿತವಾದ ಚಳಿಯ ದೇಶಗಳಿಗೆ ತಕ್ಕುದು. ಚೆಂಡು ಬಿದ್ದಲ್ಲಿಂದಲೇ ಹೊಡೆಯಬೇಕೆಂಬುದು ಗಾಲ್ಫಿನ ಮೂಲಸೂತ್ರ. ಕೆಸರಿನ ಕಾಲದಲ್ಲಿ, ಗಿಡ್ಡಹುಲ್ಲಿನ ಮೇಲೆ ಬಿದ್ದ ಚೆಂಡನ್ನು ಎತ್ತಿ ಒರಸಿ ಹತ್ತಿರದಲ್ಲಿಯೇ ಒಳ್ಳೆಯ ಜಾಗದಲ್ಲಿ ಇಡಲು ಅಪ್ಪಣೆ ಕೊಡುವ ಸ್ಥಳೀಯ ನಿಯಮವೊಂದಿದೆ. ಕೆಲವು ಸ್ಕಾಟಿಷ್ ಮೈದಾನಗಳಲ್ಲಿ ಆಟಗಾರರು ಸಣ್ಣದೊಂದು ಚಾಪೆಯನ್ನು ಜೊತೆಗೊಯ್ದು, ಚೆಂಡನ್ನು ಅದರ ಮೇಲಿಟ್ಟು ಹೊಡೆಯುತ್ತಾರೆ. ಹುಲ್ಲಿಗೆ ಕೋಲಿನ ಪೆಟ್ಟು ತಾಗುವುದಿಲ್ಲ. ಮುಖ್ಯ ಗ್ರೀನುಗಳನ್ನು ಮುಚ್ಚಿ, ಅವುಗಳ ಮುಂದೆ ತಾತ್ಕಾಲಿಕ ಗ್ರೀನುಗಳನ್ನು ಏರ್ಪಡಿಸುವ ವಾಡಿಕೆಯೂ ಉಂಟು. ಇಂತಹ ಆಟದಲ್ಲಿ ಚೆಂಡು ಎಂದಿನಷ್ಟು ದೂರ ಹೋಗುವುದಿಲ್ಲ. ಅದರ ಕಾರಣ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಸುಲಭವಾಗಿ ಹೊಳೆಯುತ್ತದೆ. ಒತ್ತಡ ಒಂದೇ ಆಗಿರುವಾಗ ಗಾಳಿಯ ಸಾಂದ್ರತೆಯು ನಿರಪೇಕ್ಷ ಉಷ್ಣತೆಗೆ ವಿಲೋಮವಾಗಿರುತ್ತದೆ. ೩೦ ಡಿಗ್ರಿಯ ಗಾಳಿಗಿಂತ ಸೊನ್ನೆ ಡಿಗ್ರಿಯ ಗಾಳಿ ಶೇಕಡಾ ೧೧ರಷ್ಟು ಹೆಚ್ಚು ಸಾಂದ್ರವಾದುದು. ಚೆಂಡಿನ ರಬ್ಬರೂ ಚಳಿಯಲ್ಲಿ ಬಿಗಿದು ತನ್ನ ಪುಟಿಯುವ ಗುಣವನ್ನು ತಕ್ಕಮಟ್ಟಿಗೆ ಕಳೆದುಕೊಳ್ಳುತ್ತದೆ.

ಇಲ್ಲಿಯೇ ಒಂದು ವಿವೇಕದ ನಿಯಮವನ್ನು ಉಲ್ಲೇಖಿಸಬೇಕು. ಆಟಗಾರನ ಸಾಮರ್ಥ್ಯವನ್ನು ಅಳೆಯುವ ಸಂಖ್ಯೆಗೆ ‘ಹ್ಯಾಂಡಿಕ್ಯಾಪ್’ ಎಂದು ಹೆಸರು. ಇದಕ್ಕಾಗಿ ೨೦೨೦ರಿಂದ ಜಾರಿಯಲ್ಲಿರುವ ವಿಶ್ವಪದ್ಧತಿಯಲ್ಲಿ, ಶೀತಪ್ರದೇಶಗಳ ಸಂಘಗಳು ವರ್ಷದ ಒಂದು ಭಾಗವನ್ನು ‘ನಿಷ್ಕ್ರಿಯ ಋತು’ವೆಂದು ಘೋಷಿಸಲು ಅವಕಾಶವಿದೆ. ಅಮೆರಿಕದ ಉತ್ತರದ ಹಲವು ರಾಜ್ಯಗಳಲ್ಲಿ ಇದು ನವೆಂಬರಿನಿಂದ ಮಾರ್ಚಿಯ ಕೊನೆಯವರೆಗೆ ಇರುತ್ತದೆ. ಆ ಅವಧಿಯಲ್ಲಿ ಅಲ್ಲಿ ಆಡಿದ ಆಟದ ಅಂಕಗಳು ಲೆಕ್ಕಕ್ಕೆ ಬರುವುದಿಲ್ಲ. ಆಡಬಾರದೆಂದು ಈ ನಿಯಮ ಹೇಳುವುದಿಲ್ಲ. ಆಡಿದುದನ್ನು ಅಳೆಯಬಾರದೆಂದು ಮಾತ್ರ ಹೇಳುತ್ತದೆ. ವರ್ಷದ ಕೆಲವು ತಿಂಗಳು ತೂಗುವ ತಕ್ಕಡಿಯನ್ನು ಕೆಳಗಿಡುವುದು ಆಟಗಾರನ ಮನಸ್ಸಿಗೂ ಹಿತವೇ.

ದಕ್ಷಿಣಕ್ಕೆ ಹೋಗುವ ಉಪಾಯವು ಅಮೆರಿಕದ ಭೂಗೋಳದ ಮೇಲೆಯೇ ತನ್ನ ಗುರುತನ್ನು ಮೂಡಿಸಿದೆ. ಬಾಸ್ಟನ್ ಕಡೆಯ ಶ್ರೀಮಂತ ಜೇಮ್ಸ್ ವಾಕರ್ ಟಫ್ಟ್ಸ್ ಎಂಬವರು ೧೮೯೫ರಲ್ಲಿ ಉತ್ತರ ಕೆರೊಲಿನಾದಲ್ಲಿ, ಪೈನ್ ಮರಗಳನ್ನು ಕಡಿದು ಬರಿದು ಮಾಡಿದ್ದ ಸಾವಿರಾರು ಎಕರೆ ಮರಳುನೆಲವನ್ನು ಕೊಂಡು, ಪೈನ್‌ಹರ್ಸ್ಟ್ ಎಂಬ ಚಳಿಗಾಲದ ವಿಶ್ರಾಂತಿಧಾಮವನ್ನು ಕಟ್ಟಿದರು. ಮೊದಲು ಅದು ಆರೋಗ್ಯಕ್ಕಾಗಿ ಬರುವವರ ಊರಾಗಿತ್ತು. ಕೆಲವೇ ವರ್ಷಗಳಲ್ಲಿ ಗಾಲ್ಫಿನ ಊರಾಯಿತು. ಸ್ಕಾಟ್ಲೆಂಡಿನ ಡಾರ್ನಕ್‌ನಲ್ಲಿ ೧೮೭೨ರಲ್ಲಿ ಹುಟ್ಟಿದ ಡೊನಾಲ್ಡ್ ರಾಸ್ ೧೮೯೯ರಲ್ಲಿ ಬಾಸ್ಟನ್ ಪ್ರದೇಶಕ್ಕೆ ಬಂದು, ೧೯೦೦ರಲ್ಲಿ ಪೈನ್‌ಹರ್ಸ್ಟಿನ ಕೆಲಸಕ್ಕೆ ಸೇರಿದರು. ಚಳಿಗಾಲ ಕೆರೊಲಿನಾದಲ್ಲಿ, ಬೇಸಗೆ ಉತ್ತರದಲ್ಲಿ ಎಂಬುದು ಅವರ ಜೀವನದ ಕ್ರಮವಾಯಿತು. ಅವರು ರಚಿಸಿದ ಅಲ್ಲಿಯ ಎರಡನೆಯ ಮೈದಾನ ೧೯೦೭ರಲ್ಲಿ ಪೂರ್ಣವಾಯಿತು. ಗ್ರೀನುಗಳಿಗೆ ತಕ್ಕ ಹುಲ್ಲನ್ನು ಅಲ್ಲಿ ನೆಲೆಗೊಳಿಸಲು ೧೯೩೦ರ ದಶಕದ ಮಧ್ಯದವರೆಗೂ ಸಾಧ್ಯವಾಗಲಿಲ್ಲ. ಅದುವರೆಗೆ ಗಟ್ಟಿಸಿದ ಮರಳಿನ ಮೇಲೆಯೇ ಆಡುತ್ತಿದ್ದರು. ಉತ್ತರದ ಬಾಗಿಲು ಮುಚ್ಚಿದಾಗ ತೆರೆಯುವುದು, ಉತ್ತರದ ಬಾಗಿಲು ತೆರೆದಾಗ ಮುಚ್ಚುವುದು ಈ ಊರಿನ ಹಳೆಯ ಪದ್ಧತಿಯಾಗಿತ್ತು.

ವೃತ್ತಿನಿರತ ಆಟಗಾರರಿಗಂತೂ ದಕ್ಷಿಣದ ಪ್ರಯಾಣ ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. ಉತ್ತರದ ಕ್ಲಬ್ಬುಗಳಲ್ಲಿ ಆಟ ಕಲಿಸಿ ಜೀವಿಸುತ್ತಿದ್ದವರಿಗೆ ಚಳಿಗಾಲದಲ್ಲಿ ಕೆಲಸವಿರಲಿಲ್ಲ. ಸ್ಯಾನ್ ಆಂಟೋನಿಯೋ ನಗರದಲ್ಲಿ ೧೯೨೨ರಲ್ಲಿ ಮೊದಲಾದ ಟೆಕ್ಸಾಸ್ ಓಪನ್, ೧೯೨೬ರಲ್ಲಿ ಮೊದಲಾದ ಲಾಸ್ ಏಂಜಲೀಸ್ ಓಪನ್ ಮುಂತಾದ ಚಳಿಗಾಲದ ಪಂದ್ಯಗಳು ಅವರನ್ನು ಊರಿಂದೂರಿಗೆ ಸೆಳೆದವು. ಇಂದು ಜಗತ್ಪ್ರಸಿದ್ಧವಾಗಿರುವ ಅಮೆರಿಕದ ವೃತ್ತಿಪಂದ್ಯಗಳ ಸರಣಿಯ ಬೇರುಗಳಲ್ಲಿ ಇದೊಂದು. ಉತ್ತರದ ಮೈದಾನಗಳು ಹಿಮದಡಿ ಮುಚ್ಚಿಹೋಗದಿದ್ದರೆ ಆ ಸರಣಿ ಈಗಿನ ರೂಪದಲ್ಲಿ ಹುಟ್ಟುತ್ತಿತ್ತೆಂದು ಹೇಳಲಾಗದು.

ಒಳಾಂಗಣದ ಉಪಾಯ ಹೊಸದೆಂದು ತೋರಿದರೂ ಅದಕ್ಕೆ ಹಳೆಯ ಮೇಲ್ಪಂಕ್ತಿಯಿದೆ. ಹಾಲೆಂಡಿನಲ್ಲಿ ಗಾಲ್ಫಿನ ದಾಯಾದಿಯಂತಹ ‘ಕೋಲ್ಫ್’ ಎಂಬ ಆಟವಿತ್ತು. ಕಾಲುವೆಗಳು ಹೆಪ್ಪುಗಟ್ಟಿದಾಗ ಅದನ್ನು ಮಂಜುಗಡ್ಡೆಯ ಮೇಲೆ ಆಡುತ್ತಿದ್ದುದನ್ನು ಹದಿನೇಳನೆಯ ಶತಮಾನದ ಹೆಂಡ್ರಿಕ್ ಅವರ್‌ಕಾಂಪ್ ಮೊದಲಾದವರ ಚಿತ್ರಗಳಲ್ಲಿ ಕಾಣಬಹುದು. ಹದಿನೆಂಟನೆಯ ಶತಮಾನದ ಹೊತ್ತಿಗೆ ಈ ಆಟ ಛತ್ರಗಳ ಪಕ್ಕದಲ್ಲಿ ಕಟ್ಟಿದ ಅಂಕಣಗಳೊಳಗೆ ಸೇರಿಕೊಂಡಿತು. ಈಗಿನ ಒಳಾಂಗಣ ಗಾಲ್ಫಿನಲ್ಲಿ ಆಟಗಾರನು ಪರದೆಯತ್ತ ಚೆಂಡನ್ನು ಹೊಡೆಯುತ್ತಾನೆ. ಅದರ ವೇಗ, ಕೋನ, ತಿರುಗುವಿಕೆಗಳನ್ನು ಯಂತ್ರವು ಅಳೆದು, ಅದು ಮುಂದೆ ಹೋಗುತ್ತಿದ್ದ ದಾರಿಯನ್ನು ಪರದೆಯ ಮೇಲೆ ತೋರಿಸುತ್ತದೆ. ಚಳಿಯೂ ಸ್ಥಳಾಭಾವವೂ ಎರಡೂ ಇರುವ ದಕ್ಷಿಣ ಕೊರಿಯಾದಲ್ಲಿ, ೨೦೦೦ದಲ್ಲಿ ಸ್ಥಾಪನೆಯಾದ ಗಾಲ್ಫ್‌ಜೋನ್ ಮೊದಲಾದ ಸಂಸ್ಥೆಗಳ ಮೂಲಕ ಇದು ಜನಪ್ರಿಯ ವಿನೋದವಾಗಿದೆ. ಕೈಯ ಹದವನ್ನು ಇದು ಉಳಿಸುತ್ತದೆ. ಇಳಿಜಾರಿನಲ್ಲಿ ನಿಂತು, ಗಾಳಿಯನ್ನು ಎದುರಿಸಿ ಹೊಡೆಯುವ ವಿವೇಕ ಮಾತ್ರ ಬಯಲಿನಲ್ಲಿಯೇ ಬರತಕ್ಕದ್ದು.

ಹಿಮದ ಮೇಲೆಯೇ ಆಡುವ ಸಾಹಸವೂ ಉಂಟು. ಕಾದಂಬರಿಕಾರ ಕಿಪ್ಲಿಂಗ್ ೧೮೯೨ರಿಂದ ೧೮೯೬ರವರೆಗೆ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿದ್ದಾಗ, ಬಿಳಿಯ ಚೆಂಡು ಹಿಮದಲ್ಲಿ ಕಾಣದಾದುದರಿಂದ ಅದಕ್ಕೆ ಕೆಂಪುಬಣ್ಣ ಬಳಿದು ಆಡಿದುದು ಪ್ರಸಿದ್ಧವಾಗಿದೆ. ಗ್ರೀನ್‌ಲೆಂಡಿನ ಊಮ್ಮನ್ನಾಕ್ ಎಂಬಲ್ಲಿ ೧೯೯೭ರಲ್ಲಿ, ಹೆಪ್ಪುಗಟ್ಟಿದ ಕಡಲಿನ ಮೇಲೆ ಹಿಮಬಂಡೆಗಳ ನಡುವೆ, ಮಂಜುಗಡ್ಡೆಯ ಗಾಲ್ಫಿನ ಪಂದ್ಯಗಳು ಮೊದಲಾದವು. ಇಂತಹ ಆಟವು ಹೆಪ್ಪುಗಟ್ಟಿದ ನೀರಿನ ಮೇಲೆ ನಡೆಯುವಷ್ಟು ಕಾಲ ಹುಲ್ಲಿಗೆ ನಿರುಪದ್ರವಿ. ಗ್ರೀನಿನ ಮೇಲೆಯೇ ಹಿಮವನ್ನು ತುಳಿದು ಗಟ್ಟಿಮಾಡಿದರೆ ಆ ಹಿಮವು ಕಂಬಳಿಯ ಗುಣವನ್ನು ಕಳೆದುಕೊಂಡು ಮಂಜುಗಡ್ಡೆಯಾಗುವ ಭಯವಿದೆ. ಭಾರತದಲ್ಲಿಯೂ ಹಿಮದಡಿ ಮುಚ್ಚುವ ಗಾಲ್ಫ್ ಮೈದಾನವೊಂದುಂಟು. ಸುಮಾರು ೨೬೫೦ ಮೀಟರುಗಳ ಎತ್ತರದಲ್ಲಿರುವ ಕಾಶ್ಮೀರದ ಗುಲ್ಮಾರ್ಗಿನಲ್ಲಿ ಬೇಸಗೆಯ ಗಾಲ್ಫಿಗೆ ಬದಲಾಗಿ ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಸ್ಕೀ ಕ್ರೀಡೆ ನಡೆಯುತ್ತದೆ. ಋತುವಿಗೆ ತಕ್ಕಂತೆ ಆಟವನ್ನೇ ಬದಲಾಯಿಸುವ ಈ ದಾರಿ ಎಲ್ಲಕ್ಕಿಂತ ಸರಳವಾದುದು.

೬. ಬೆಳಕು, ನಡಿಗೆ, ಒಡನಾಟ

ಋತು ಮುಗಿದಾಗ ಆಟಗಾರನು ಕಳೆದುಕೊಳ್ಳುವುದು ಆಟವೊಂದನ್ನೇ ಅಲ್ಲ. ಹದಿನೆಂಟು ಕುಳಿಗಳ ಒಂದು ಸುತ್ತೆಂದರೆ ನಾಲ್ಕು ಗಂಟೆಗಳಷ್ಟು ಕಾಲ ಬಯಲಿನಲ್ಲಿ ಎಂಟು ಹತ್ತು ಕಿಲೋಮೀಟರುಗಳ ನಡಿಗೆ. ಜೊತೆಗೆ ಮೂವರು ಗೆಳೆಯರ ಮಾತುಕತೆ. ನಿವೃತ್ತರಾದ ಅನೇಕರಿಗೆ ವಾರದ ಒಡನಾಟವೆಲ್ಲ ಅಲ್ಲಿಯೇ ನಡೆಯುತ್ತದೆ. ಸ್ವೀಡನ್ನಿನ ಸುಮಾರು ಮೂರು ಲಕ್ಷ ಗಾಲ್ಫ್ ಆಟಗಾರರನ್ನು ಕುರಿತು ಅಲ್ಲಿಯ ಕರೋಲಿನ್ಸ್ಕ ಸಂಸ್ಥೆಯ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ, ಸಮಾನ ವಯಸ್ಸಿನ ಇತರರಿಗಿಂತ ಅವರ ಮರಣಪ್ರಮಾಣ ಶೇಕಡಾ ೪೦ರಷ್ಟು ಕಡಿಮೆಯೆಂದು ಕಂಡುಬಂದಿತು. ಆರೋಗ್ಯವಂತರೇ ಆಟಕ್ಕೆ ಬರುವುದೂ ಇದಕ್ಕೆ ಒಂದು ಕಾರಣವಾಗಿರಬಹುದಾದುದರಿಂದ ಇದನ್ನು ಆಟದ ಪ್ರಭಾವವೆಂದೇ ಹೇಳುವುದು ಉಚಿತವಲ್ಲ. ಆದರೂ ನಡಿಗೆಯ, ಒಡನಾಟದ ಬೆಲೆಯನ್ನು ಯಾರೂ ಅಲ್ಲಗಳೆಯಲಾರರು.

ಬೆಳಕಿನ ಪ್ರಶ್ನೆ ಇನ್ನೂ ಮುಖ್ಯವಾದುದು. ವರ್ಷದ ಅತ್ಯಂತ ಕಿರಿದಾದ ಹಗಲು ಬೆಂಗಳೂರಿನಲ್ಲಿ ಹನ್ನೊಂದು ಗಂಟೆಗಳಿಗೂ ಮಿಕ್ಕಿರುತ್ತದೆ. ಮಿನಿಯಾಪೊಲಿಸ್ಸಿನಲ್ಲಿ ಒಂಬತ್ತಕ್ಕೆ ಕಡಮೆ. ಸೇಂಟ್ ಆಂಡ್ರೂಸಿನಲ್ಲಿ ಏಳಕ್ಕೆ ಕಡಮೆ. ಶೀತದೇಶಗಳಲ್ಲಿ ಕೆಲವರಿಗೆ ಪ್ರತಿ ಚಳಿಗಾಲದಲ್ಲಿಯೂ ಮನಸ್ಸು ಕುಗ್ಗಿ, ನಿದ್ರೆಯೂ ಹಸಿವೂ ಅತಿಯಾಗಿ, ಯಾವುದರಲ್ಲಿಯೂ ಉತ್ಸಾಹವಿಲ್ಲದಂತಾಗುತ್ತದೆ. ಇದನ್ನು ಋತುಸಂಬಂಧವಾದ ಖಿನ್ನತೆಯೆಂದು ನಾರ್ಮನ್ ರೋಸೆಂತಾಲ್ ಮತ್ತು ಅವರ ಸಹೋದ್ಯೋಗಿಗಳು ೧೯೮೪ರಲ್ಲಿ ವರ್ಣಿಸಿದರು. ಬೆಳಗಿನ ಹೊತ್ತು ೧೦,೦೦೦ ಲಕ್ಸ್ ಪ್ರಮಾಣದ ದೀಪದ ಎದುರು ಸುಮಾರು ಅರ್ಧ ಗಂಟೆ ಕೂರಿಸುವುದು ಇದಕ್ಕೆ ರೂಢಿಯಲ್ಲಿರುವ ಚಿಕಿತ್ಸೆಗಳಲ್ಲೊಂದು. ಮನೆಯೊಳಗಿನ ದೀ‌ಪದ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಮಾತ್ರ; ಮೋಡ ಕವಿದ ದಿನದ ಹೊರಗಿನ ಬೆಳಕು ಕೂಡ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಆಟ ನಿಂತ ಬೇಸರವನ್ನೆಲ್ಲ ರೋಗವೆಂದು ಕರೆಯುವುದು ಸರಿಯಲ್ಲ. ನಿಜವಾದ ಖಿನ್ನತೆಯನ್ನು ಬರಿಯ ಬೇಸರವೆಂದು ತಳ್ಳಿಹಾಕುವುದು ಅದಕ್ಕಿಂತ ದೊಡ್ಡ ತಪ್ಪು. ಎರಡನೆಯದಕ್ಕೆ ವೈದ್ಯರ ಸಲಹೆ ಬೇಕೇ ಬೇಕು. ಮೊದಲನೆಯದಕ್ಕೆ ಇರುವ ಮದ್ದು ಆಟದಿಂದ ದೊರಕುತ್ತಿದ್ದ ಮೂರನ್ನೂ ಬೇರೆ ದಾರಿಯಿಂದ ಪಡೆಯುವುದು: ಮಧ್ಯಾಹ್ನದ ಹೊತ್ತು ಹೊರಗೆ ನಡೆಯುವುದು, ಅಥವಾ ಹಿಮದ ಮೇಲೆ ಸ್ಕೀ ಹಾಕಿಕೊಂಡು ಸಾಗುವುದು, ಆಟವಿಲ್ಲದಿದ್ದರೂ ಗೊತ್ತಾದ ವಾರದಂದು ಗೆಳೆಯರು ಸೇರುವುದು. ಒಳಾಂಗಣದ ಪರದೆಯು ಒಡನಾಟವನ್ನು ಕೊಡುತ್ತದೆ, ಬೆಳಕನ್ನು ಕೊಡುವುದಿಲ್ಲ. ಇದನ್ನು ಅರಿತು ಆಯ್ದುಕೊಳ್ಳುವುದು ಜಾಣತನ.

೭. ಕೆಲಸಗಾರರ ಚಳಿಗಾಲ

ಈ ವಿಷಯವನ್ನು ಚರ್ಚಿಸುವಾಗ ಸಾಮಾನ್ಯವಾಗಿ ಮರೆಯುವ ಪಕ್ಷವೊಂದಿದೆ. ಆಟಗಾರನಿಗೆ ಋತುವಿನ ಮುಕ್ತಾಯ ಬೇಸರದ ವಿಷಯ. ಹುಲ್ಲು ಕತ್ತರಿಸುವವರಿಗೆ, ಚೀಲ ಹೊರುವವರಿಗೆ, ಅಡುಗೆಮನೆಯಲ್ಲಿ ದುಡಿಯುವವರಿಗೆ ಅದು ಸಂಬಳದ ಮುಕ್ತಾಯ. ಮೇಲ್ವಿಚಾರಕನೂ ಅವನ ಒಬ್ಬಿಬ್ಬರು ಸಹಾಯಕರೂ ವರ್ಷವಿಡೀ ಉಳಿಯುತ್ತಾರೆ. ಉಳಿದವರಲ್ಲಿ ಅನೇಕರನ್ನು ಋತುವಿಗೆ ಮಾತ್ರ ನೇಮಿಸಿಕೊಂಡಿರುತ್ತಾರೆ. ಅವರಲ್ಲಿ ಕೆಲವರು ರಸ್ತೆಯ ಹಿಮ ತೆಗೆಯುವ ಕೆಲಸಕ್ಕೆ ಹೋಗುತ್ತಾರೆ, ಕೆಲವರು ಸ್ಕೀ ತಾಣಗಳಿಗೆ ಹೋಗುತ್ತಾರೆ, ಹೊರದೇಶದಿಂದ ಬಂದವರು ಊರಿಗೆ ಮರಳುತ್ತಾರೆ. ಚಳಿಗಾಲದಲ್ಲಿ ಯಂತ್ರಗಳನ್ನು ಬಿಚ್ಚಿ ಸಾಣೆಹಿಡಿಯುವುದು, ಮರಗಳ ಕೊಂಬೆ ಸವರುವುದು, ಕಲ್ಲುಬೆಂಚುಗಳಿಗೂ ಕಂಬಗಳಿಗೂ ಬಣ್ಣ ಬಳಿಯುವುದು ಮುಂತಾದ ಕೆಲಸಗಳು ಇದ್ದೇ ಇರುತ್ತವೆ. ಅವುಗಳನ್ನು ಯೋಜನೆಯಿಂದ ಹಂಚಿ ಅನುಭವಿಗಳನ್ನು ಉಳಿಸಿಕೊಂಡ ಕ್ಲಬ್ಬು ವಸಂತದಲ್ಲಿ ಹೊಸಬರಿಗೆ ಮೊದಲಿನಿಂದ ಕಲಿಸುವ ಶ್ರಮವನ್ನು ಉಳಿಸಿಕೊಳ್ಳುತ್ತದೆ. ಮಂಜುಗಡ್ಡೆ ಕಟ್ಟಿದ ದಿನವನ್ನು ನೆನಪಿಟ್ಟು, ಎಲ್ಲಿ ನೀರು ನಿಲ್ಲುತ್ತದೆಂಬುದನ್ನು ಬಲ್ಲ ಕೆಲಸಗಾರನು ಯಾವ ಔಷಧಕ್ಕೂ ಕಡಮೆಯಲ್ಲ.

೮. ಉಪಸಂಹಾರ

ಮೇಲ್ಕಂಡ ವಿವರಗಳಿಂದ ಎರಡು ತೀರ್ಮಾನಗಳಿಗೆ ಬರಬಹುದು. ಮೊದಲನೆಯದು, ಆಟದ ಋತು ನಿತ್ಯವಾದುದಲ್ಲ. ಅದು ಹುಲ್ಲು, ಹವೆ, ಮಣ್ಣು, ಯಂತ್ರ ಈ ನಾಲ್ಕರ ಸಂಯೋಗದಿಂದ ಹುಟ್ಟಿದುದು. ಸ್ಕಾಟ್ಲೆಂಡಿನ ಮರಳುನೆಲದಲ್ಲಿ ಚಳಿಗಾಲವೇ ಆಟದ ಕಾಲವಾಗಿತ್ತು. ಹುಲ್ಲು ಕತ್ತರಿಸುವ ಯಂತ್ರವೂ ಹೊಸ ಭೂಖಂಡದ ಹಿಮವೂ ಅದನ್ನು ಬೇಸಗೆಗೆ ದಾಟಿಸಿದವು. ಈ ನಾಲ್ಕರಲ್ಲಿ ಯಾವುದು ಬದಲಾದರೂ ಋತುವಿನ ಎಲ್ಲೆ ಮುಂದೆಯೂ ಕದಲುವುದು.

ಎರಡನೆಯದು, ಚಳಿಗಾಲವನ್ನು ಎದುರಿಸುವ ಉಪಾಯಗಳಲ್ಲಿ ಹುಲ್ಲಿನ ವಿಶ್ರಾಂತಿಗೆ ಭಂಗ ತಾರದವು ಮಾತ್ರ ಕೊನೆಯವರೆಗೆ ನಿಲ್ಲತಕ್ಕವು. ಪ್ರಯಾಣ, ಒಳಾಂಗಣ, ಚಾಪೆ, ಬೇರೊಂದು ಆಟ, ಅಂಕಗಳನ್ನು ಲೆಕ್ಕಕ್ಕೆ ಹಿಡಿಯದಿರುವ ನಿಯಮ, ಇವೆಲ್ಲವೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತವೆ. ಹೆಪ್ಪುಗಟ್ಟಿದ ಇಬ್ಬನಿಯ ಮೇಲೆ ‘ಇನ್ನೊಂದೇ ಸುತ್ತು’ ಎಂದು ಹೊರಡುವ ಉತ್ಸಾಹ ತೇರ್ಗಡೆಯಾಗುವುದಿಲ್ಲ. ಹಿಮ ಕರಗಿದೊಡನೆ ಬಾಗಿಲು ತೆರೆಯಬೇಕೆಂಬ ಆತುರಕ್ಕೂ ಇದೇ ಮಾತು ಸಲ್ಲುತ್ತದೆ. ಮಣ್ಣು ಬೆಚ್ಚಗಾಗಿ, ಹೊಸ ಎಲೆ ಮೂಡಿ, ತುಳಿದ ಹೆಜ್ಜೆಯ ಗುರುತನ್ನು ತಾನೇ ಅಳಿಸಿಕೊಳ್ಳಬಲ್ಲಷ್ಟು ಶಕ್ತಿ ಹುಲ್ಲಿಗೆ ಬಂದ ದಿನವೇ ಅಲ್ಲಿ ಆಟದ ಹೊಸವರ್ಷ. ನಮ್ಮ ರೈತರು ಹದ ನೋಡಿ ಬಿತ್ತುವಂತೆ, ಅಲ್ಲಿಯ ಮೇಲ್ವಿಚಾರಕರು ಹದ ನೋಡಿ ಬಾಗಿಲು ತೆರೆಯುತ್ತಾರೆ.